ಮುಂಬಯಿಯ ಹಕ್ಕಿತಾಣಗಳು ಮತ್ತು ನಾವು

(ಮಾಟುಂಗದಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಿಂದ ಸಾಮಾನ್ಯವಾಗಿ ಸಾಹಿತ್ಯದ ಬಗ್ಗೆ, ಗಡಿಯ ಪ್ರಶ್ನೆಯ ಬಗ್ಗೆ, ಮುಚ್ಚುತ್ತಿರುವ ಕನ್ನಡ ಶಾಲೆಗಳ ಬಗ್ಗೆ ಉಪನ್ಯಾಸಗಳು ನಡೆಯುತ್ತವೆ. ನಾನು ಹಕ್ಕಿಗಳ ಕುರಿತು ಮಾತನಾಡುತ್ತೇನೆಂದಾಗ ಸಮಿತಿಯ ಹಿರಿಯ ಗೆಳೆಯರೊಬ್ಬರು, "ಒಳ್ಳೆಯ ಹವ್ಯಾಸವೇ ಸರಿ, ಆದರೆ ಇದು ಸಂಘದ ವಿಷಯವೆ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನ್ನ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಿಮ್ಮನ್ನು ಈ ಸಭಾಗೃಹದ ಬಾಗಿಲಿನಿಂದ ಹೊರಗೆ ಕರೆದೊಯ್ಯಲು ಅನುಮತಿ ಬೇಡುತ್ತೇನೆ.

ಹೊರನಾಡ ಕನ್ನಡಿಗರ ಸಮಾರಂಭಗಳಲ್ಲಿ ನಮ್ಮನ್ನು ನಾವೇ ವಲಸೆ ಹಕ್ಕಿಗಳೆಂದು ಕರೆದುಕೊಳ್ಳುವ ರೂಢಿ ಬಹಳ ಹಳೆಯದು. ನಾನೂ ಒಂದೆರಡು ಸ್ವಾಗತ ಭಾಷಣಗಳಲ್ಲಿ ಆ ಮಾತನ್ನು ಆಡಿದ್ದುಂಟು. ಹಕ್ಕಿಗಳನ್ನು ನಿಜವಾಗಿ ನೋಡಲು ತೊಡಗಿದ ಮೇಲೆ ಆ ಹೋಲಿಕೆ ನಮಗೆ ಸಲ್ಲದೆಂದು ತೋರಿತು. ವಲಸೆಯ ಹಕ್ಕಿ ತಾನು ಇಳಿಯುವ ನೆಲವನ್ನು ಚೆನ್ನಾಗಿ ಬಲ್ಲದು. ಯಾವ ಕೆಸರಿನಲ್ಲಿ ಯಾವ ಹೊತ್ತಿಗೆ ಆಹಾರ ದೊರೆಯುತ್ತದೆ, ಭರತದ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಅರಿತು ವರ್ಷ ವರ್ಷವೂ ಅದೇ ತಾಣಕ್ಕೆ ಮರಳುತ್ತದೆ. ನಾವಾದರೋ ಮೂವತ್ತು ವರ್ಷ ಇಲ್ಲಿದ್ದೂ ಮನೆ, ಕಚೇರಿ, ರೈಲು ನಿಲ್ದಾಣ ಮತ್ತು ಸಂಘ ಇವಿಷ್ಟರ ಆಚೆಗಿನ ಮುಂಬಯಿಯನ್ನು ಕಂಡವರಲ್ಲ.

ಮಾಟುಂಗದಿಂದಲೇ ಆರಂಭಿಸೋಣ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅದರ ಫಲವಾಗಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಕಿಕ್ಕಿರಿದ ನಗರಕ್ಕೆ ಗಾಳಿ ಬೆಳಕು ಬೇಕೆಂದು ಆ ಟ್ರಸ್ಟ್ ದಾದರ್, ಮಾಟುಂಗ, ವಡಾಲ ಪ್ರದೇಶಗಳನ್ನು ಯೋಜನಾಬದ್ಧವಾಗಿ ರೂಪಿಸಿತು. ನಾವಿಂದು ಸಂಜೆ ಸುತ್ತಾಡುವ ಫೈವ್ ಗಾರ್ಡನ್ಸ್, ಎರಡೂ ಬದಿ ಮರಗಳಿರುವ ಇಲ್ಲಿನ ಬೀದಿಗಳು ಆ ಯೋಜನೆಯ ಕೊಡುಗೆ. ಫೆಬ್ರವರಿಯ ಒಂದು ಬೆಳಿಗ್ಗೆ ಆರೂವರೆಗೆ ಅಲ್ಲಿಗೆ ಹೋಗಿ ನಿಲ್ಲಿ. ಯಾರೋ ತಾಮ್ರದ ಪಾತ್ರೆಗೆ ಒಂದೇ ಸಮನೆ ಸುತ್ತಿಗೆ ಬಡಿಯುತ್ತಿರುವಂತೆ ಸದ್ದು ಕೇಳುತ್ತದೆ. ನಮ್ಮವರು ಅದನ್ನು ಕಂಚುಗಾರ ಹಕ್ಕಿ ಎಂದರು. ಮರಾಠಿಯವರು ತಾಂಬಟ ಎಂದರು. ಎರಡು ಭಾಷೆಗಳೂ ಒಂದೇ ಸದ್ದನ್ನು ಕೇಳಿ ಒಂದೇ ಕಸುಬನ್ನು ನೆನೆದಿವೆ. ಗೋಡೆಯ ಮೇಲೆ ಬಾಲ ನಿಗುರಿಸಿ ಹಾಡುವ ಕಪ್ಪು ಬಿಳಿ ಹಕ್ಕಿ ನಮ್ಮ ಮಡಿವಾಳ, ಅವರ ದಯಾಳ. ಪೊದೆಯಲ್ಲಿ ಪಿಕಳಾರ, ಮರದ ನೆತ್ತಿಯಲ್ಲಿ ಗಿಳಿ, ಚಳಿಗಾಲದಲ್ಲಿ ಅದೃಷ್ಟವಿದ್ದರೆ ಹೊನ್ನಕ್ಕಿ. ಹೊನ್ನಿನಲ್ಲಿ ನಾವು ಕಂಡ ಬಣ್ಣವನ್ನು ಮರಾಠಿ ಅರಿಸಿನದಲ್ಲಿ ಕಂಡು ಅದಕ್ಕೆ ಹಳದ್ಯಾ ಎಂದು ಹೆಸರಿಟ್ಟಿದೆ. ಇಷ್ಟಕ್ಕೆ ಟಿಕೇಟು ಬೇಡ, ದುರ್ಬೀನೂ ಬೇಡ.

ಇಂಡಿಯಾದ ಪಕ್ಷಿವಿಜ್ಞಾನದ ತೌರೂರು ಈ ನಗರವೇ ಎಂಬುದನ್ನು ನೆನೆಯಬೇಕು. 1883ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಸೇರಿ ಇಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಪ್ಲೇಗಿನ ಅದೇ 1896ನೆಯ ಇಸವಿಯಲ್ಲಿ ಈ ನಗರದಲ್ಲಿ ಸಲೀಂ ಅಲಿ ಹುಟ್ಟಿದರು. ಬಾಲ್ಯದಲ್ಲಿ ತಾವು ಹೊಡೆದ ಹಳದಿ ಕತ್ತಿನ ಗುಬ್ಬಿಯೊಂದು ಯಾವ ಜಾತಿಯದೆಂದು ತಿಳಿಯಲು ಅವರು ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡರ ಬಳಿಗೆ ಹೋದರು. ಹುಡುಗನನ್ನು ಗದರಿಸಿ ಕಳಿಸದೆ ಆತ ಸಂಗ್ರಹದ ಪೆಟ್ಟಿಗೆಗಳನ್ನೆಲ್ಲ ತೆರೆದು ತೋರಿಸಿದರು. ಒಂದು ಜೀವಮಾನದ ದಿಕ್ಕು ಅಂದು ನಿರ್ಧಾರವಾಯಿತು. ಸಲೀಂ ಅಲಿಯವರಿಗೂ ಕನ್ನಡ ನಾಡಿಗೂ ಇರುವ ನಂಟು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ಕಂಡು ಅವರು ನೀಡಿದ ಸಲಹೆಯ ಮೇರೆಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮುಂಬಯಿಯ ಒಬ್ಬ ಮನುಷ್ಯ ನಮ್ಮ ನದಿಯ ಹಕ್ಕಿಗಳ ಪರವಾಗಿ ನಮ್ಮ ಅರಸರಲ್ಲಿ ಮಾತನಾಡಿದರು. ಮುಂಬಯಿಯ ಹಕ್ಕಿಗಳ ಪರವಾಗಿ ಮಾತನಾಡುವ ಋಣ ನಮ್ಮ ಮೇಲಿದೆಯೆಂದು ನಾನು ಭಾವಿಸುತ್ತೇನೆ.

ಮಾಟುಂಗದಿಂದ ನಡೆದೇ ಹೋಗಬಹುದಾದ ಇನ್ನೊಂದು ತಾಣ ಧಾರಾವಿಯ ಅಂಚಿನಲ್ಲಿ, ಮೀಠಿ ನದಿಯ ದಂಡೆಯಲ್ಲಿರುವ ಮಹಾರಾಷ್ಟ್ರ ನೇಚರ್ ಪಾರ್ಕ್. ಸುಮಾರು 37 ಎಕರೆಯ ಈ ವನ ಹಿಂದೆ ನಗರದ ಕಸ ಸುರಿಯುವ ಗುಂಡಿಯಾಗಿತ್ತು. ಕಸದ ಮೇಲೆ ಮಣ್ಣು ಹರಡಿ, ಸಾವಿರಾರು ಸಸಿ ನೆಟ್ಟು, 1994ರಲ್ಲಿ ಅದನ್ನು ಜನರಿಗೆ ತೆರೆದರು. ಅಲ್ಲಿ ಈಗ ಮಿಂಚುಳ್ಳಿ, ಕೆಂಬೂತ, ಗುಟುರಗಳನ್ನು ಕಾಣಬಹುದು. ಮನುಷ್ಯ ಕೆಡಿಸಿದ ನೆಲವನ್ನು ಮನುಷ್ಯನೇ ಸರಿಪಡಿಸಬಲ್ಲನೆಂಬುದಕ್ಕೆ ಅದು ಸಾಕ್ಷಿ. ನೆಲ ಕೆಡಿಸುವವರಿಗೆ ಈ ಮಾತು ನೆವವಾಗಬಾರದು ಎಂಬ ಎಚ್ಚರವೂ ಬೇಕು. ಕಸದ ಗುಂಡಿಯನ್ನು ಕಾಡು ಮಾಡಬಹುದು. ಹೂಳು ತುಂಬಿ ಕಟ್ಟಡ ಎಬ್ಬಿಸಿದ ಕೆಸರುಬಯಲನ್ನು ಮತ್ತೆ ಕೆಸರುಬಯಲು ಮಾಡಿದವರನ್ನು ನಾನು ಕಂಡಿಲ್ಲ.

ಇನ್ನು ಶಿವಡಿ. ಜಿ.ಟಿ.ಬಿ. ನಗರದಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿದರೆ ವಡಾಲ ರೋಡ್ ದಾಟಿದೊಡನೆ ಶಿವಡಿ. ನಿಲ್ದಾಣದಿಂದ ಪೂರ್ವಕ್ಕೆ, ಲಾರಿಗಳ ಧೂಳು ಕುಡಿಯುತ್ತ ಸ್ವಲ್ಪ ದೂರ ನಡೆದರೆ ಹಳೆಯ ಧಕ್ಕೆ. ಒಂದು ಕಡೆ ಮುರಿಯಲು ನಿಲ್ಲಿಸಿದ ದೋಣಿಗಳು, ಇನ್ನೊಂದು ಕಡೆ ತೈಲಾಗಾರದ ಚಿಮಣಿಗಳು, ನಡುವೆ ಬೂದು ಬಣ್ಣದ ಕೆಸರಿನ ವಿಸ್ತಾರ. ಆ ಕೆಸರಿನ ಮೇಲೆ, ಬಟ್ಟೆ ಒಣಹಾಕಿದಂತೆ ಉದ್ದಕ್ಕೂ ನಸುಗೆಂಪು. 1990ರ ದಶಕದ ಮಧ್ಯಭಾಗದಿಂದ ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡ ಇವು ರಾಜಹಂಸಗಳು. ಬಹುಪಾಲು ಕಿರಿಯ ಜಾತಿಯವು, ಗಾಢ ಕೊಕ್ಕಿನವು. ನಡುನಡುವೆ ಎತ್ತರದ ಹಿರಿಯ ಜಾತಿಯವೂ ಇರುತ್ತವೆ, ಅವುಗಳ ಕೊಕ್ಕು ನಸುಗೆಂಪು, ತುದಿ ಮಾತ್ರ ಕಪ್ಪು. ಸಾಮಾನ್ಯವಾಗಿ ನವೆಂಬರ್ ಡಿಸೆಂಬರಿನಲ್ಲಿ ಬಂದು ಮಳೆಗಾಲದ ಹೊಸ್ತಿಲಿನಲ್ಲಿ ಹೊರಡುತ್ತವೆ. ಇಂಡಿಯಾದಲ್ಲಿ ಇವು ಮುಖ್ಯವಾಗಿ ಮರಿಮಾಡುವುದು ಕಚ್ಛದ ರಣದಲ್ಲಿ. ಸೊಸೈಟಿಯವರು 2022ರಲ್ಲಿ ಆರು ಹಕ್ಕಿಗಳಿಗೆ ಉಪಗ್ರಹ ಸಂಕೇತದ ಪುಟ್ಟ ಯಂತ್ರ ಕಟ್ಟಿದಾಗ ಅವುಗಳ ಹಾದಿ ಗುಜರಾತಿನತ್ತ ಸಾಗಿದ್ದು ಖಚಿತವಾಯಿತು.

ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲದ್ದಿ, ನಾಲಿಗೆಯಿಂದ ನೀರನ್ನು ಹೀರಿ ಹೊರತಳ್ಳಿ, ಜರಡಿಯಂತಹ ಅಂಚುಗಳಲ್ಲಿ ಉಳಿದ ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಅವು ತಿನ್ನುತ್ತವೆ. ಆ ಆಹಾರದಲ್ಲಿರುವ ವರ್ಣದ್ರವ್ಯದಿಂದಲೇ ಗರಿಗೆ ಬಣ್ಣ ಬರುತ್ತದೆ. ಮರಿಗಳು ಬೂದು ಬಣ್ಣದವು. ನಗರದ ಕೊಳಚೆ ನೀರು ಖಾರಿಗೆ ಸೇರಿ ಪಾಚಿಯನ್ನು ಬೆಳೆಸಿರುವುದೇ ಅವು ಇಲ್ಲಿಗೆ ಬರಲು ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಹೊಲಸು ಅವುಗಳ ಊಟವಾಗಿರುವುದು ಹೆಮ್ಮೆಯ ವಿಷಯವೋ ನಾಚಿಕೆಯ ವಿಷಯವೋ ನಾನು ಇನ್ನೂ ತೀರ್ಮಾನಿಸಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಅಮರಕೋಶದ ಪ್ರಕಾರ ರಾಜಹಂಸವೆಂದರೆ ಕೊಕ್ಕು ಮತ್ತು ಕಾಲು ಕೆಂಪಾದ ಬಿಳಿಯ ಹಂಸ. ನಮ್ಮ ಕಾವ್ಯಗಳ ರಾಜಹಂಸ ತಾವರೆಯ ದಂಟು ತಿಂದು ಮಾನಸ ಸರೋವರಕ್ಕೆ ಹೋಗುವ ಹಕ್ಕಿ. ಈಚಿನ ಕನ್ನಡ ಪಕ್ಷಿಗ್ರಂಥಗಳು ಆ ಹೆಸರನ್ನು ಫ್ಲೆಮಿಂಗೋಗೆ ಕೊಟ್ಟಿವೆ. ಪಂಡಿತರು ಆಕ್ಷೇಪಿಸಬಹುದು. ಆದರೆ ಕಾವ್ಯದಲ್ಲಿ ಮಾತ್ರ ಉಳಿದಿದ್ದ ಒಂದು ಪದಕ್ಕೆ ಶಿವಡಿಯ ಕೆಸರಿನಲ್ಲಿ ಜೀವಂತ ಒಡೆಯ ದೊರೆತಿರುವುದು ನನಗೆ ಸಂತೋಷದ ಸಂಗತಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನನ್ನ ಮಗಳು ಕನ್ನಡದಲ್ಲಿ ತಾನಾಗಿ ಕೇಳಿ ಬರೆದುಕೊಂಡ ಮೊದಲ ಪದಪಟ್ಟಿ ಹಕ್ಕಿಗಳದು. ನಾನು ಹೇಳಿಕೊಟ್ಟ ವಚನಗಳನ್ನು ಆಕೆ ಮರೆತಳು, ಕೆಂಬೂತವನ್ನು ಮರೆಯಲಿಲ್ಲ.

ಶಿವಡಿಗೆ ಹೋಗುವವರು ಗಡಿಯಾರಕ್ಕಿಂತ ಭರತ ಇಳಿತದ ವೇಳಾಪಟ್ಟಿಯನ್ನು ನೋಡಬೇಕು. ಪೂರ್ಣ ಇಳಿತದಲ್ಲಿ ಹಕ್ಕಿಗಳು ದೂರದ ನೀರಿನಂಚಿನಲ್ಲಿ ಚುಕ್ಕೆಗಳಾಗಿ ಕಾಣುತ್ತವೆ. ಪೂರ್ಣ ಭರತದಲ್ಲಿ ಕೆಸರೆಲ್ಲ ಮುಳುಗಿ ಅವು ಬೇರೆಡೆಗೆ ಹಾರಿರುತ್ತವೆ. ನೀರು ಏರುತ್ತಿರುವಾಗ, ಭರತಕ್ಕೆ ಎರಡು ಮೂರು ಗಂಟೆ ಮೊದಲು, ಅವು ಅಲೆಯೊಡನೆ ಹಿಂದೆ ಸರಿಯುತ್ತ ದಂಡೆಯ ಹತ್ತಿರ ಬರುತ್ತವೆ. ಅದು ಒಳ್ಳೆಯ ಹೊತ್ತು.

ಶಿವಡಿಯಿಂದ ಉತ್ತರಕ್ಕೆ ಠಾಣೆಯ ಖಾರಿಯುದ್ದಕ್ಕೂ ಹಕ್ಕಿತಾಣಗಳ ಸಾಲೇ ಇದೆ. ಭಾಂಡೂಪಿನ ಪಂಪಿಂಗ್ ಸ್ಟೇಷನ್ನಿನ ಬಳಿ ಕಾಂಡ್ಲ ಕಾಡು, ಕೊಳ, ಉಪ್ಪಿನಾಗರ ಮೂರೂ ಒಂದೆಡೆ ಕೂಡಿವೆ. ಉತ್ತರದ ದೇಶಗಳಿಂದ ಬರುವ ಗೊರವಗಳು, ಉಲ್ಲಂಕಿಗಳು, ಬಾತುಗಳು, ಹಿಮಾಲಯದಾಚೆಯ ಎತ್ತರದ ಸರೋವರಗಳಲ್ಲಿ ಮರಿಮಾಡುವ ಕಂದುತಲೆಯ ಕಡಲಕ್ಕಿಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. ಎದುರು ದಂಡೆಯ ಐರೋಲಿಯಲ್ಲಿ ಅರಣ್ಯ ಇಲಾಖೆಯ ಕೇಂದ್ರವಿದೆ. ಅಲ್ಲಿಂದ ದೋಣಿಯಲ್ಲಿ ಖಾರಿಯೊಳಗೆ ಹೋಗಬಹುದು. 2015ರಲ್ಲಿ ಇಲ್ಲಿನ ಸುಮಾರು 1,690 ಹೆಕ್ಟೇರ್ ಪ್ರದೇಶವನ್ನು ರಾಜಹಂಸಗಳ ಅಭಯಧಾಮವೆಂದು ಘೋಷಿಸಲಾಯಿತು. 2022ರಲ್ಲಿ ಠಾಣೆ ಖಾರಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಸೊಸೈಟಿಯ ಗಣತಿಗಳಲ್ಲಿ ಮುಂಬಯಿ ಪ್ರದೇಶದ ರಾಜಹಂಸಗಳ ಸಂಖ್ಯೆ ಲಕ್ಷವನ್ನು ಮೀರಿದ ವರ್ಷಗಳುಂಟು. ನವಿ ಮುಂಬಯಿಯ ನೆರೂಳಿನಲ್ಲಿ, ಕಟ್ಟಡಗಳ ಬುಡದಲ್ಲಿಯೇ ಭರತದ ವೇಳೆ ಅವು ತಂಗುತ್ತವೆ. ಇನ್ನೂ ದಕ್ಷಿಣದ ಉರಣಕ್ಕೆ 2024ರ ಜನವರಿಯಿಂದ ಲೋಕಲ್ ಗಾಡಿಯೇ ಹೋಗುತ್ತದೆ. ಅಲ್ಲಿನ ತೇವಭೂಮಿಗಳು ಬಂದರಿನ ಬೆಳವಣಿಗೆಯ ನಡುವೆ ಉಳಿದಷ್ಟು ಉಳಿದಿವೆ.

ಕಾಡಿನ ಹಕ್ಕಿಗಳನ್ನು ಬಯಸುವವರಿಗೆ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. 104 ಚದರ ಕಿಲೋಮೀಟರಿನ ಆ ಕಾಡಿನಲ್ಲಿ ಕಾನ್ಹೇರಿಯ ಗುಹೆಗಳೂ ತುಳಸಿ, ವಿಹಾರ ಸರೋವರಗಳೂ ಇವೆ. ಬಾಲದ ತುದಿಯಲ್ಲಿ ಎರಡು ಬಿಲ್ಲೆ ಕಟ್ಟಿಕೊಂಡಂತೆ ಹಾರುವ ಭೀಮರಾಜ, ಬಿಳಿಯ ರೇಷ್ಮೆಯ ಪಟ್ಟಿಯಂತಹ ಬಾಲದ ರಾಜಹಕ್ಕಿ ಅಲ್ಲಿ ಕಾಣಸಿಗುತ್ತವೆ. ಪನ್ವೇಲಿನಿಂದ ಹನ್ನೆರಡು ಕಿಲೋಮೀಟರಿನಷ್ಟು ಮುಂದೆ ಕರ್ನಾಳಾ ಪಕ್ಷಿಧಾಮ, 1968ರಲ್ಲಿ ಸ್ಥಾಪಿತವಾದದ್ದು. ನಿಮ್ಮಲ್ಲಿ ಬಹುಮಂದಿ ಅದನ್ನು ನೂರಾರು ಸಲ ಹಾದುಹೋಗಿದ್ದೀರಿ, ಆದರೆ ಕಂಡಿಲ್ಲ. ಏಕೆಂದರೆ ಪಕ್ಷಿಧಾಮದ ನಡುವೆಯೇ ಗೋವಾ ಹೆದ್ದಾರಿ ಹೋಗುತ್ತದೆ. ಕಾರವಾರ, ಕುಂದಾಪುರ, ಉಡುಪಿ, ಮಂಗಳೂರಿಗೆ ಹೋಗುವ ನಮ್ಮ ಬಸ್ಸುಗಳು ರಾತ್ರಿಯಲ್ಲಿ ಅದನ್ನು ದಾಟುವಾಗ ನಾವು ಹೊದ್ದು ಮಲಗಿರುತ್ತೇವೆ. ಮುಂಗಾರು ಬೀಳುವ ಹೊತ್ತಿಗೆ ಅಲ್ಲಿನ ಹಳ್ಳಗಳ ದಂಡೆಯಲ್ಲಿ ಬೆರಳುದ್ದದ ಬಣ್ಣದ ಕುಬ್ಜ ಮಿಂಚುಳ್ಳಿ ಬಿಲ ತೋಡಿ ಮರಿಮಾಡುತ್ತದೆ. ನಮ್ಮ ಹೊನ್ನಾವರ, ಕುಮಟೆಯ ಘಟ್ಟದ ಬುಡದಲ್ಲಿಯೂ ಇರುವ ಹಕ್ಕಿ ಅದು. ಹಕ್ಕಿಗೆ ಈ ಕರಾವಳಿ ಒಂದೇ ನಾಡು. ಗಡಿರೇಖೆ ನಮ್ಮ ನಕಾಶೆಯಲ್ಲಿದೆ.

ಬಂಧುಗಳೆ, ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಮಾತು. ಇನ್ನು ನನಗೆ ಸಂತೋಷವಿಲ್ಲದ ಒಂದನ್ನು ಹೇಳಬೇಕಾಗಿದೆ.

ಹಲವು ವರ್ಷಗಳ ಹಿಂದೆ, ನನ್ನ ಸೇವೆಯ ಒಂದು ಘಟ್ಟದಲ್ಲಿ, ನಗರದ ಪೂರ್ವ ತೀರದ ಒಂದು ತುಂಡು ಸರ್ಕಾರಿ ಭೂಮಿಯ ಸ್ಥಳ ಪರಿಶೀಲನೆಯ ಹೊಣೆ ನನ್ನ ಮೇಲೆ ಬಿತ್ತು. ಆಗಸ್ಟ್ ತಿಂಗಳು, ಮಳೆ ಸುರಿಯುತ್ತಿತ್ತು. ಕೊಡೆ ಹಿಡಿದು ಕಾಲು ಗಂಟೆ ನಿಂತು ನೋಡಿದೆ. ಕೆಸರು, ಒಂದಿಷ್ಟು ಕಾಂಡ್ಲ ಪೊದೆ, ನೀರು. ಕಚೇರಿಗೆ ಬಂದು ಟಿಪ್ಪಣಿ ಬರೆದೆ: ಜಮೀನು ಖಾಲಿಯಿದೆ, ಜೌಗು, ಯಾವ ಉಪಯೋಗದಲ್ಲಿಯೂ ಇಲ್ಲ. ಕಡತ ಮೇಲೆ ಹೋಯಿತು. ಮುಂದಿನ ಜನವರಿಯಲ್ಲಿ, ಅಂಟಾಪ್ ಹಿಲ್ಲಿನ ವಸತಿಗೃಹದಲ್ಲಿ ನನ್ನ ನೆರೆಯವರಾಗಿದ್ದ ಬಂಗಾಳಿ ಗೃಹಸ್ಥರೊಬ್ಬರು ದುರ್ಬೀನು ಹಿಡಿದು ಹೊರಟವರು ನನ್ನನ್ನೂ ಎಬ್ಬಿಸಿ ಕರೆದೊಯ್ದರು. ಎಲ್ಲಿಗೆಂದು ನಾನು ಕೇಳಿರಲಿಲ್ಲ. ಆಟೋ ಇಳಿದು ದಂಡೆಗೆ ಬಂದಾಗ ಮುರುಕು ಗೋಡೆಯೊಂದರಿಂದ ಆ ಸ್ಥಳದ ಗುರುತು ಹತ್ತಿತು. ನಾನು ಖಾಲಿಯೆಂದು ಬರೆದಿದ್ದ ಆ ನೆಲದ ಮೇಲೆ ಕಾಲಿಡಲು ಜಾಗವಿಲ್ಲದಂತೆ ಹಕ್ಕಿಗಳು ಕಿಕ್ಕಿರಿದಿದ್ದವು. ನೆರೆಯವರು ಒಂದೊಂದರ ಹೆಸರು ಹೇಳುತ್ತಿದ್ದರು. ನಾನು ಏನನ್ನೂ ಹೇಳಲಿಲ್ಲ. ನನ್ನ ಟಿಪ್ಪಣಿಯಲ್ಲಿ ಸುಳ್ಳೇನೂ ಇರಲಿಲ್ಲ. ಆ ದಿನ ಅಲ್ಲಿ ಹಕ್ಕಿಗಳಿರಲಿಲ್ಲ. ಆದರೆ ಶರಾವತಿಯ ಅಳಿವೆಯ ದಂಡೆಯಲ್ಲಿ ಬೆಳೆದು, ಕಾಂಡ್ಲದ ಬೇರಿನ ನಡುವೆ ಸಿಗಡಿ ಹಿಡಿದು ಆಡಿದವನು ನಾನು. ಕಾಂಡ್ಲ ಇರುವಲ್ಲಿ ನೆಲ ಖಾಲಿಯಿರುವುದಿಲ್ಲವೆಂದು ನನಗೆ ತಿಳಿಯದೆ ಇರಲಿಲ್ಲ. ಅದು ನನ್ನ ಊರಲ್ಲ ಎಂಬ ಭಾವನೆಯೇ ಆ ಟಿಪ್ಪಣಿಯನ್ನು ಬರೆಸಿತೆಂದು ಇಂದು ತೋರುತ್ತದೆ. ಆ ಸ್ಥಳದಲ್ಲಿ ಈಗ ಗೋದಾಮುಗಳಿವೆ.

ಇದನ್ನು ಪಶ್ಚಾತ್ತಾಪದ ಪ್ರದರ್ಶನಕ್ಕಾಗಿ ಹೇಳುತ್ತಿಲ್ಲ. ಖಾಲಿ ಎಂಬ ಪದ ಈ ನಗರದಲ್ಲಿ ಎಷ್ಟು ಕೆಲಸ ಮಾಡುತ್ತದೆಂಬುದನ್ನು ತಿಳಿಸಲು ಹೇಳಿದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗ, ನೀರು ಹಿಡಿದಿಡುವ ಜೌಗು, ಅಲೆ ತಡೆಯುವ ಕಾಂಡ್ಲ ಇವೆಲ್ಲ ಖಾಲಿ ಜಾಗವಲ್ಲವೆಂದು ಎಲ್ಲರಿಗೂ ಅರಿವಾಯಿತು. ಅದೇ ವರ್ಷ ಉಚ್ಚ ನ್ಯಾಯಾಲಯ ಕಾಂಡ್ಲ ಕಡಿಯುವುದನ್ನು ನಿಷೇಧಿಸಿತು. ನ್ಯಾಯಾಲಯಕ್ಕೆ ಹೋದದ್ದು ಸಾಮಾನ್ಯ ನಾಗರಿಕರ ಸಂಸ್ಥೆ. ಶಿವಡಿಯಿಂದ ಹೊರಡುವ 21.8 ಕಿಲೋಮೀಟರಿನ ಅಟಲ್ ಸೇತು 2024ರ ಜನವರಿ 12ರಂದು ಉದ್ಘಾಟನೆಯಾಯಿತು. ಅದು ರಾಜಹಂಸಗಳ ಕೆಸರುಬಯಲಿನ ಮೇಲೆಯೇ ಹಾದುಹೋಗುತ್ತದೆ. ನಾನೂ ಆ ಸೇತುವೆಯ ಮೇಲೆ ಪ್ರಯಾಣ ಮಾಡಿದ್ದೇನೆ, ಅದರಿಂದ ಸಮಯ ಉಳಿದದ್ದು ನಿಜ. ಹಕ್ಕಿಗಳು ಪೂರ್ತಿಯಾಗಿ ತೊರೆದುಹೋಗಿಲ್ಲವೆಂಬುದೂ ನಿಜ. ಆದರೆ ಒಂದೊಂದು ತಾಣ ಕಿರಿದಾದಂತೆ ಅವು ಇನ್ನೊಂದಕ್ಕೆ ಸರಿಯುತ್ತವೆ. ಸರಿಯಲು ಎಷ್ಟು ತಾಣಗಳಿವೆ ಎಂಬುದೇ ಪ್ರಶ್ನೆ. 2024ರ ಮೇ 20ರ ರಾತ್ರಿ ಘಾಟ್ಕೋಪರಿನಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತು ಮನೆಗಳ ನಡುವೆ ಬಿದ್ದವು.

ಅದೇ ವರ್ಷ ಧಾರಾವಿ ಪುನರ್ನಿರ್ಮಾಣದ ಭಾಗವಾಗಿ ಬಾಡಿಗೆ ಮನೆ ಕಟ್ಟಲು ಪೂರ್ವ ಉಪನಗರಗಳ ಸುಮಾರು 256 ಎಕರೆ ಉಪ್ಪಿನಾಗರದ ಭೂಮಿಯನ್ನು ಬಳಸಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಇಲ್ಲಿ ನಾನು ಎಚ್ಚರಿಕೆಯಿಂದ ಮಾತನಾಡಬೇಕು. ಧಾರಾವಿಯಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಹತ್ತು ಅಡಿಯ ಕೋಣೆಯಲ್ಲಿ ಏಳು ಮಂದಿ ಮಲಗುವವರ ಮುಂದೆ ನಿಂತು ಹಕ್ಕಿಗೆ ಜಾಗ ಬೇಕೆಂದು ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾದ್ದೂ ಇಲ್ಲ. ಅವರಿಗೆ ಮನೆ ಬೇಕು. ಆದರೆ ತಗ್ಗಿನ ಉಪ್ಪಿನಾಗರದಲ್ಲಿ ಕಟ್ಟಿದ ಮನೆಗೆ ಮೊದಲು ನೀರು ನುಗ್ಗುವುದು ಯಾರ ಬಾಗಿಲಿನಲ್ಲಿ? ಹಕ್ಕಿಯ ನೆಲೆ ಮತ್ತು ಬಡವನ ನೆಲೆ ಎರಡನ್ನೂ ಒಂದಕ್ಕೊಂದು ಎದುರಾಗಿ ನಿಲ್ಲಿಸುವ ಲೆಕ್ಕಾಚಾರವನ್ನೇ ನಾವು ಪ್ರಶ್ನಿಸಬೇಕು.

ಈಗ ಗೆಳೆಯರ ಪ್ರಶ್ನೆಗೆ ಉತ್ತರ. ಸಂಘ ಏನು ಮಾಡಬಹುದು? ಮೂರು ದಶಕ ಕಡತಗಳ ನಡುವೆ ಕಳೆದವನಾಗಿ ಒಂದು ಗುಟ್ಟು ಹೇಳುತ್ತೇನೆ. ಯಾವುದೇ ಯೋಜನೆಗೆ ಆಕ್ಷೇಪಣೆ ಆಹ್ವಾನಿಸಿದಾಗ, ಪ್ರಕೃತಿಯನ್ನು ಉಳಿಸಿ ಎಂಬ ಪತ್ರ ಕಡತದಲ್ಲಿ ಸೇರುತ್ತದೆ, ಅಷ್ಟೆ. ಇಂತಹ ದಿನ, ಇಂತಹ ಸ್ಥಳದಲ್ಲಿ, ಇಷ್ಟು ಹೊತ್ತಿಗೆ, ಈ ಜಾತಿಯ ಇಷ್ಟು ಹಕ್ಕಿಗಳನ್ನು ಕಂಡೆವು, ಹಿಂದಿನ ವರ್ಷ ಇಷ್ಟಿದ್ದವು ಎಂಬ ಪತ್ರಕ್ಕೆ ಅಧಿಕಾರಿ ಉತ್ತರ ಬರೆಯಲೇಬೇಕಾಗುತ್ತದೆ. ಅಂತಹ ಒಂದು ಪತ್ರ ಅಂದು ನನ್ನ ಮೇಜಿನ ಮೇಲೆ ಇದ್ದಿದ್ದರೆ ಖಾಲಿ ಎಂಬ ಪದವನ್ನು ಬರೆಯಲು ನನ್ನ ಲೇಖನಿ ಅಳುಕುತ್ತಿತ್ತು.

ಆದ್ದರಿಂದ ನನ್ನ ಸೂಚನೆ ಸರಳವಾದದ್ದು. ನವೆಂಬರಿನಿಂದ ಮೇ ತನಕ ತಿಂಗಳಿಗೊಂದು ಭಾನುವಾರ ನಾವು ಹತ್ತು ಮಂದಿ ಒಂದೇ ತಾಣಕ್ಕೆ ಹೋಗೋಣ. ಒಂದು ದಪ್ಪ ನೋಟ್ ಪುಸ್ತಕವಿರಲಿ. ದಿನಾಂಕ, ಭರತದ ಹೊತ್ತು, ಹಕ್ಕಿಯ ಹೆಸರು, ಸಂಖ್ಯೆ ಬರೆಯೋಣ. ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯೋಣ. ಜೊತೆಗೆ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಇರಲಿ. ಅದರಲ್ಲಿರುವ ಬಹುಪಾಲು ಹಕ್ಕಿಗಳು ಇಲ್ಲಿಯೂ ಇವೆ. ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಫೆಬ್ರವರಿಯಲ್ಲಿ ಹಿತ್ತಲ ಹಕ್ಕಿಗಳ ಗಣತಿ. ನಮ್ಮ ಲೆಕ್ಕವೂ ಅವುಗಳಲ್ಲಿ ಸೇರಲಿ. ಮಕ್ಕಳನ್ನು ಕರೆತನ್ನಿ. ಭಾಷೆ ಕಲಿಸುತ್ತೇವೆಂದು ಹೇಳಬೇಡಿ, ಹಕ್ಕಿ ತೋರಿಸುತ್ತೇವೆಂದು ಹೇಳಿ. ಒಂಬತ್ತು ಗಂಟೆಗೆ ಮಾಟುಂಗಕ್ಕೆ ಮರಳಿ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನುವ ಕಾರ್ಯಕ್ರಮವನ್ನು ಯಾರೂ ವಿರೋಧಿಸಲಾರರೆಂದು ನಂಬಿದ್ದೇನೆ.

ನಮ್ಮ ಹಿರಿಯರು ಈ ನಗರದಲ್ಲಿ ಹೋಟೆಲು ಕಟ್ಟಿದರು, ರಾತ್ರಿ ಶಾಲೆ ಕಟ್ಟಿದರು, ಸಂಘ ಕಟ್ಟಿದರು. ಅವರು ಇಲ್ಲಿ ತಂಗಲು ಬಂದವರಂತೆ ಬದುಕಲಿಲ್ಲ. ಈ ನೆಲದ ಕೆಸರನ್ನೂ ಕಾಂಡ್ಲವನ್ನೂ ಹಕ್ಕಿಯನ್ನೂ ನಮ್ಮವೆಂದು ಬರೆದಿಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಇದು ಸಂಘದ ವಿಷಯವೆ ಎಂದು ಕೇಳಿದ ಗೆಳೆಯರು ಮೊದಲ ಭಾನುವಾರ ಬರಲು ಒಪ್ಪಿದ್ದಾರೆ. ಅವರ ಬಳಿ ದುರ್ಬೀನಿಲ್ಲ, ನನ್ನದನ್ನು ಕೊಡುತ್ತೇನೆ.